ಬಣವಿಯ ಕಾವು, ಗಣಿಯ ಕಾವು

ಕೇಳುಗರಿಗೆ ನಮಸ್ಕಾರ.

ಅಣ್ಣಿಗೇರಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನದೊಂದು ರೂಢಿಯಿತ್ತು. ಮೇವಿನ ಹಸಿ ಆರುವ ಮೊದಲೇ ಬಣವಿ ಒಟ್ಟಿದ ವರ್ಷ, ಆಗಾಗ ಅದರ ಹೊಟ್ಟೆಗೆ ಕಬ್ಬಿಣದ ಹಾರಿ ಚುಚ್ಚುತ್ತಿದ್ದ. ತುಸು ಹೊತ್ತು ಬಿಟ್ಟು ಎಳೆದು, ತುದಿಯನ್ನು ಮುಂಗೈಗೆ ತಾಗಿಸಿ ನೋಡುತ್ತಿದ್ದ. “ಮ್ಯಾಲ ತಣ್ಣಗೈತಿ ತಮ್ಮಾ, ಒಳಗ ಕಾವು ಹಿಡದೈತಿ” ಅಂದನೆಂದರೆ ಆಳು ಕರೆಸಿ ಬಣವಿ ಬಿಚ್ಚಿಸುವುದೇ.

ಕಲ್ಲಿದ್ದಲಿನ ಸ್ವಭಾವವೂ ಹೆಚ್ಚು ಕಡಿಮೆ ಹೀಗೇ. ಗಾಳಿಯ ಆಮ್ಲಜನಕ ತಾಗಿದರೆ, ಕಡ್ಡಿ ಗೀರುವವರಿಲ್ಲದೆಯೂ ಮೆಲ್ಲಗೆ ಕಾಯುತ್ತದೆ. ಆ ಕಾವು ಹೊರಗೆ ಹೋಗಲು ದಾರಿ ಸಿಗದಿದ್ದರೆ ಹೊತ್ತಿಕೊಳ್ಳುತ್ತದೆ. ಜಾರ್ಖಂಡದ ಧನಬಾದ್ ಜಿಲ್ಲೆಯ ಝರಿಯಾದಲ್ಲಿ 1916ರಲ್ಲಿ ಮೊದಲು ಕಂಡ ಬೆಂಕಿ ನೂರು ವರ್ಷ ದಾಟಿದರೂ ಪೂರ್ತಿ ಆರಿಲ್ಲ. ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ನೆಲದೊಳಗೇ ಬೂದಿಯಾಗುತ್ತಿದೆ, ಮೇಲಿನ ಮಣ್ಣು ಕುಸಿಯುತ್ತಿದೆ, ಮನೆಗಳ ಗೋಡೆ ಸೀಳಿವೆ. ಅಷ್ಟು ದೊಡ್ಡ ಬಣವಿಗೆ ಹಾರಿ ಚುಚ್ಚುವುದೆಲ್ಲಿ?

ಅದಕ್ಕೇ ಉಪಗ್ರಹ. ಕಾದ ನೆಲ ಸೂಸುವ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅದು ಅಳೆಯುತ್ತದೆ. 2013ರಲ್ಲಿ ಉಡಾವಣೆಯಾದ ಲ್ಯಾಂಡ್‌ಸ್ಯಾಟ್-8 ಪ್ರತಿ 16 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾಯುತ್ತದೆ. ಆದರೆ ಅದರ ಉಷ್ಣಚಿತ್ರದ ಒಂದೊಂದು ಚುಕ್ಕೆಯೂ 100 ಮೀಟರ್ ಉದ್ದ, 100 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಎಕರೆ! ಅದರೊಳಗೆ ಎರಡು ಗೇಣಿನ ಬಿರುಕೊಂದು ನಿಗಿನಿಗಿ ಕೆಂಡವಾಗಿದ್ದರೂ, ಸುತ್ತಲಿನ ತಣ್ಣನೆಯ ನೆಲದ ಜೊತೆ ಸರಾಸರಿಗೆ ಸೇರಿ ತುಸು ಬೆಚ್ಚಗೆ ಅಂತಷ್ಟೇ ಕಂಡೀತು.

ಇನ್ನೊಂದು ತೊಡಕನ್ನು ಎರಿ ಹೊಲದವರಿಗೆ ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್ ಮಧ್ಯಾಹ್ನ ಕರಿ ನೆಲದ ಮೇಲೆ ಬರಿಗಾಲು ಇಟ್ಟು ನೋಡಿ. ಗಣಿಯ ಸುತ್ತ ಬಿದ್ದ ಕಲ್ಲಿದ್ದಲ ಪುಡಿಯೂ ಕಪ್ಪೇ. ಬಿಸಿಲಿಗೆ ಕಾದದ್ದನ್ನೇ ಹಗಲಿನ ಚಿತ್ರ ಬೆಂಕಿಯೆಂದು ತೋರಿಸಿ ಮೋಸ ಮಾಡುತ್ತದೆ. ಹಾಗಾಗಿ ಬಲ್ಲವರು ರಾತ್ರಿಯ ಚಿತ್ರ ಹುಡುಕುತ್ತಾರೆ. ಬಿಸಿಲಿನ ಕಾವು ಇಳಿದ ಮೇಲೂ, ತಿಂಗಳು ತಿಂಗಳೂ ಬಿಸಿಯಾಗಿಯೇ ಉಳಿದ ಜಾಗದ ಮೇಲೆ ಅವರ ಗುಮಾನಿ. ತೀರ ಆಳದ ಬೆಂಕಿ ಮಾತ್ರ ಅದಕ್ಕೂ ಸಿಕ್ಕದೆ ಉಳಿಯಬಹುದು.

ನೆಲ ಕುಸಿಯುವುದನ್ನು ಹಿಡಿಯಲು ರೇಡಾರ್ ಉಪಗ್ರಹ ಬೇರೆ ಇದೆ. 2014ರಿಂದ ಯುರೋಪಿನ ಸೆಂಟಿನೆಲ್-1 ಈ ಕೆಲಸಕ್ಕೆ ಒದಗಿದೆ. ಮೋಡ ಕವಿದಿದ್ದರೂ ಅದು ನೆಲಕ್ಕೆ ಬಿಡುವ ರೇಡಿಯೊ ಅಲೆಗಳಿಗೆ ಅಡ್ಡಿಯಿಲ್ಲ. ಎರಡು ಸಲ ಹಾಯ್ದಾಗ ನೆಲಕ್ಕೆ ತಾಗಿ ಮರಳಿ ಬಂದ ಅಲೆಗಳನ್ನು ಹೋಲಿಸಿದರೆ, ಬೆರಳ ದಪ್ಪಕ್ಕಿಂತ ಕಡಿಮೆ ಕುಸಿತವೂ ಗೊತ್ತಾಗುತ್ತದೆ. ಬೆಳೆ ಎದ್ದ ಹೊಲದ ಮೇಲೆ ಮಾತ್ರ ಲೆಕ್ಕ ಎಡವುತ್ತದೆ. ಪೈರು ಬೆಳೆಯುತ್ತ ಹೋದಂತೆ ಹೋದ ಸಲದ ಅಲೆಗೂ ಈ ಸಲದ್ದಕ್ಕೂ ತಾಳೆಯೇ ಆಗುವುದಿಲ್ಲ. ಮನೆಯ ಮಾಳಿಗೆ, ಬಂಡೆಗಲ್ಲು ವಾಸಿ, ಇದ್ದಲ್ಲೇ ಇರುತ್ತವೆ.

ಇಷ್ಟೆಲ್ಲ ಆಗಿ ನಕ್ಷೆಯಲ್ಲಿ ಕೆಂಪು ಚುಕ್ಕೆ ಬಿತ್ತೆನ್ನಿ. ಆಮೇಲೆ ಯಾರಾದರೂ ಉಷ್ಣಮಾಪಕ ಹಿಡಿದು ಅಲ್ಲಿಗೆ ನಡೆದೇ ಹೋಗುತ್ತಾರೆ, ಬಿರುಕಿನ ಬಾಯಿಗೆ ಅದನ್ನು ಇಳಿಬಿಡುತ್ತಾರೆ.

ನಮಸ್ಕಾರ.