ಸ್ಪೀಕರ್ ಮುಖಕ್ಕೆ ಫೆಲ್ಟ್, ಅಟ್ಟದ ಮೇಲಿನ ಕಂಬಳಿ

ನಮಸ್ಕಾರ. ಸ್ಪೀಕರ್ ಬಾಕ್ಸಿನ ಮುಂದಿನ ಗ್ರಿಲ್ ತೆಗೆದಾಯಿತು. ಬಾಕ್ಸಿನ ಮುಖ ಈಗ ಪೂರ್ತಿ ಕಾಣುತ್ತಿದೆ, ನೋಡಿ. ಕೆಳಗೆ ದಪ್ಪ ಸ್ವರ, ಅಂದರೆ ಬಾಸ್ ಕೊಡುವ ಊಫರ್, ಮೇಲೆ ಚೂಪು ಸ್ವರ ಕೊಡುವ ಪುಟ್ಟ ಟ್ವೀಟರ್. ಟ್ವೀಟರಿನ ನಡುವಿನಿಂದ ಹಲಗೆಯ ಅಂಚಿಗೆ ಸ್ಕೇಲ್ ಇಟ್ಟಿದ್ದೇನೆ. ಎಡಕ್ಕೂ ಬಲಕ್ಕೂ ಸರಿಯಾಗಿ 10 ಸೆಂಟಿಮೀಟರ್. ತೊಂದರೆ ಇರುವುದೇ ಈ ಅಂಚಲ್ಲಿ.

ಟ್ವೀಟರಿನಿಂದ ಹೊರಟ ಸದ್ದು ಪೂರ್ತಿ ನೇರವಾಗಿ ನಮ್ಮ ಕಿವಿಗೇ ಬರುವುದಿಲ್ಲ. ಒಂದಷ್ಟು ಹಲಗೆಯ ಮೇಲೆ ತೆವಳಿಕೊಂಡು ಅಂಚಿನವರೆಗೂ ಹೋಗುತ್ತದೆ. ಹಲಗೆ ತಟಕ್ಕನೆ ಮುಗಿಯುವ ಆ ಜಾಗದಿಂದ ಮತ್ತೆ ಹೊಸದಾಗಿ ಹೊರಡುತ್ತದೆ. ಒಂದೇ ಸದ್ದು ಎರಡು ಸಲ ಬಂದ ಹಾಗೆ. ಎರಡನೆಯದು ಸುಮಾರು 0.3 ಮಿಲಿಸೆಕೆಂಡ್ ತಡ. ಇಷ್ಟು ಸಣ್ಣ ತಡ ಬೇರೆಯಾಗಿ ಕೇಳಿಸುವುದಿಲ್ಲ. ಆದರೆ ಎರಡೂ ಬೆರೆತಾಗ ಕೆಲವು ಸ್ವರ ಉಬ್ಬುತ್ತದೆ, ಕೆಲವು ತಗ್ಗುತ್ತದೆ. ಫೋನಿನ ಆ್ಯಪಲ್ಲಿ ಅಳೆದರೆ ನನ್ನ ಬಾಕ್ಸಿಗೆ 3,400 ಹರ್ಟ್ಜ್ ಹತ್ತಿರ ಒಂದು ಗುಂಡಿ ಇದೆ, ಅಂದರೆ ಅಲ್ಲಿ ಸದ್ದು ತಗ್ಗಿದೆ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಅದನ್ನು 10 ಸೆಂಟಿಮೀಟರಿನಿಂದ, ಅಂದರೆ 0.1 ಮೀಟರಿನಿಂದ ಭಾಗಿಸಿ, ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತದೆ. ಹಾಡುವವರ ಮಾತು ಬಿಡಿಬಿಡಿಯಾಗಿ ಕೇಳಬೇಕಾದ ಜಾಗವೂ ಅದೇ.

ಇದು ಹಳೆಯ ಸಮಸ್ಯೆ. 1951ರಲ್ಲೇ ಅಮೆರಿಕದ ಸದ್ದಿನ ಎಂಜಿನಿಯರ್ ಹ್ಯಾರಿ ಓಲ್ಸನ್ ಬೇರೆ ಬೇರೆ ಆಕಾರದ ಪೆಟ್ಟಿಗೆಗಳನ್ನು ಅಳೆದು ತೋರಿಸಿದರು. ಚೆಂಡಿನ ಹಾಗೆ ದುಂಡಗಿರುವುದೇ ಎಲ್ಲಕ್ಕಿಂತ ನಯ. ಆದರೆ ಚೆಂಡನ್ನು ನಮ್ಮ ಆಚಾರಿ ಮಾಡಿಕೊಡಬೇಕಲ್ಲ! ಅದಕ್ಕೇ ಫೆಲ್ಟ್, ಅಂದರೆ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಅಂಚಿಗೆ ತೆವಳುವ ಸದ್ದನ್ನು ಅದು ದಾರಿಯಲ್ಲೇ ಹೀರುತ್ತದೆ. 1970ರ ದಶಕದಲ್ಲಿ ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿಗೆಂದು ಮಾಡಿದ ಎಲ್ಎಸ್3/5ಎ ಅನ್ನುವ ಪುಟ್ಟ ಸ್ಪೀಕರಿನ ಫೋಟೊ ನೋಡಿ. ಟ್ವೀಟರ್ ಸುತ್ತ ದಪ್ಪ ಫೆಲ್ಟ್ ಪಟ್ಟಿ ಇರುತ್ತದೆ. ಅಂದಕ್ಕೆ ಹಾಕಿದ್ದಲ್ಲ ಅದು.

ಇನ್ನು ಫೆಲ್ಟ್ ಹುಡುಕಿದ ಕಥೆ. ಅಶೋಕ ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕಿದ್ದು ಮಕ್ಕಳ ಕ್ರಾಫ್ಟ್ ಶೀಟ್. ಒಂದು ಮಿಲಿಮೀಟರ್ ದಪ್ಪ, 25 ರೂಪಾಯಿ. ಸುಮ್ನೆ ದುಡ್ಡು ದಂಡ, ಏನೂ ಬದಲಾಗಲಿಲ್ಲ. ಆಮೇಲೆ ಆನ್‌ಲೈನಲ್ಲಿ ತರಿಸಿದೆ. 'ಶುದ್ಧ ಉಣ್ಣೆ, 5 ಮಿಲಿಮೀಟರ್' ಅಂತ ಬರೆದಿದ್ದರು. ಸಾವಿರದ ನೂರೈವತ್ತು ರೂಪಾಯಿ! ಒಂಬತ್ತು ದಿನ ಕಾದೆ. ಬಂದಾಗ ಕೈಗೆ ನುಣ್ಣಗೆ, ಬೆಳಕಿಗೆ ಹಿಡಿದರೆ ಸಣ್ಣ ಮಿಂಚು. ಅನುಮಾನ ಬಂತು. ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿದೆ. ಇದೇ ಆ ಶಾಟ್. ನೋಡಿ, ಕುಗ್ಗಿ ಕುಗ್ಗಿ ಕರಗಿ, ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಮಣಿ. ಆರಿದ ಮೇಲೆ ಉಗುರಲ್ಲಿ ಒತ್ತಿದರೂ ಪುಡಿಯಾಗುವುದಿಲ್ಲ. ಪ್ಲಾಸ್ಟಿಕ್ ವಾಸನೆ. ಪಕ್ಕದಲ್ಲಿ ನನ್ನ ಹಳೆ ಸ್ವೆಟರಿನ ಎಳೆ ಸುಟ್ಟೆ. ಕೂದಲು ಸುಟ್ಟ ವಾಸನೆ, ಮುಟ್ಟಿದರೆ ಬೂದಿ. ಅದು ಉಣ್ಣೆ. ಇವರು ಕಳಿಸಿದ್ದು ಪಾಲಿಯೆಸ್ಟರ್.

ವಾಪಸ್ ತಗೊಳ್ಳಿ ಅಂದರೆ, ನೀವು ಒಂದು ಎಳೆ ಕಿತ್ತಿದ್ದೀರಿ, ಬಳಸಿದ ಮಾಲು ತಗೊಳ್ಳಲ್ಲ ಅಂದರು. ಎಳೆ ಕೀಳದೆ ಗೊತ್ತಾಗುವುದು ಹೇಗೆ? ನಾಲ್ಕು ಸಲ ಫೋನ್ ಮಾಡಿದೆ. ಪ್ರತಿ ಸಲ ಬೇರೆಯವರು, ಪ್ರತಿ ಸಲ ಮೊದಲಿಂದ ಕಥೆ. ಪಾಲಿಯೆಸ್ಟರ್ ಸದ್ದು ಹೀರುವುದೇ ಇಲ್ಲ ಅಂತಲ್ಲ, ದಪ್ಪಗಿದ್ದರೆ ಅದೂ ಹೀರುತ್ತದೆ. ಪಾಲಿಯೆಸ್ಟರ್ ಅಂತಲೇ ಹೇಳಿ ಮುನ್ನೂರಕ್ಕೆ ಕೊಟ್ಟಿದ್ದರೆ ತಗೊಳ್ಳುತ್ತಿದ್ದೆ. ಉಣ್ಣೆ ಅಂತ ಸುಳ್ಳು ಹೇಳಿ ಮಾರಿದ್ದು ತಪ್ಪು. ಈ ಸಿಟ್ಟು ಇನ್ನೂ ಇಳಿದಿಲ್ಲ.

ಆವತ್ತು ರಾತ್ರಿ ಹೊಳೆಯಿತು. ಶಿರಾ ಕಡೆಯ ಕಂಬಳಿ ಮನೆಯಲ್ಲೇ ಇದೆಯಲ್ಲ! ಅಮ್ಮ ಒಪ್ಪಲಿಲ್ಲ. "ಪೂಜೆಗೆ ಹಾಸೋ ಕಂಬಳಿಗೆ ಕತ್ತರಿ ಹಾಕ್ತೀಯೇನೋ?" ಅಂದರು. ಅವರು ಹೇಳಿದ್ದು ಸರಿ. ಕಂಬಳಿ ಅಂದರೆ ನಮ್ಮಲ್ಲಿ ಅದಕ್ಕೊಂದು ಮರ್ಯಾದೆ ಇದೆ. ಗದ್ದುಗೆ ಹಾಕುವುದೂ ಅದರ ಮೇಲೆಯೇ. ಕೊನೆಗೆ ಅವರೇ, "ಇಲಿ ಕಡಿದ ಹಳೇದೊಂದು ಅಟ್ಟದ ಮೇಲಿದೆ, ಅದನ್ನ ತಗೋ" ಅಂದರು.

ಕಂಬಳಿ ನೇಯ್ದದ್ದು, ಎಳೆಗಳ ನಡುವೆ ಸಂದು ಇರುತ್ತದೆ. ಬಿಸಿನೀರು, ಬಟ್ಟೆ ಸೋಪು ಹಾಕಿ ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕುಗ್ಗುತ್ತವೆ. ಫೆಲ್ಟ್ ಆಗುವುದೇ ಹೀಗೆ. ಮುಕ್ಕಾಲು ಗಂಟೆ ಉಜ್ಜಿದ್ದೇನೆ. ವಿಡಿಯೊದಲ್ಲಿ ಓಡಿಸಿಬಿಟ್ಟಿದ್ದೇನೆ. ಎರಡು ದಿನ ತಾರಸಿಯಲ್ಲಿ ಒಣಗಿತು. ಮೂರು ಮಿಲಿಮೀಟರ್ ಇದ್ದದ್ದು ಐದು ಆಗಿದೆ.

ಸರಿ, ಕತ್ತರಿಸುವುದು. ಟ್ವೀಟರಿಗೆ ದುಂಡಗೆ ತೂತು ಮಾಡಬೇಡಿ. ದುಂಡಗಿದ್ದರೆ ಫೆಲ್ಟಿನ ಅಂಚು ಎಲ್ಲ ಕಡೆ ಒಂದೇ ದೂರದಲ್ಲಿರುತ್ತದೆ, ಅದೇ ಹೊಸ ತೊಂದರೆ. ದೂರ ಹೆಚ್ಚುಕಮ್ಮಿ ಇರಬೇಕು. ಇದನ್ನು ಅಮ್ಮನಿಗೆ ಹೇಳಿದೆ. ಅವರು ಚಾಕ್‌ಪೀಸ್ ತಗೊಂಡು ಎಂಟು ಮೂಲೆಯ ರಂಗೋಲಿ ನಕ್ಷತ್ರ ಬರೆದೇಬಿಟ್ಟರು. ಒಂದು ಸಲವೂ ಕೈ ಎತ್ತಲಿಲ್ಲ. ಎಷ್ಟು ಸರಿಯಾಗಿ ಕೂತಿದೆ ನೋಡಿ.

ಮೊದಲು ಊಫರ್ ಸುತ್ತಲೂ ಟ್ವೀಟರಿಗೆ ತೀರಾ ಹತ್ತಿರಕ್ಕೂ ಅಂಟಿಸಿದ್ದೆ. ಸದ್ದು ಮಂಕಾಯಿತು. ಬೇಡವೇ ಬೇಡ ಅನ್ನಿಸಿತು. ನಕ್ಷತ್ರದ ತೂತನ್ನು ದೊಡ್ಡದು ಮಾಡಿ, ಕೆಳಗಿನ ಫೆಲ್ಟನ್ನು ಕಿತ್ತುಹಾಕಿದೆ. ಬಾಸ್‌ಗೆ ಫೆಲ್ಟ್ ಲೆಕ್ಕಕ್ಕೇ ಇಲ್ಲ. 100 ಹರ್ಟ್ಜ್ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ, ಐದು ಮಿಲಿಮೀಟರ್ ಉಣ್ಣೆ ಅದನ್ನು ಏನು ಮಾಡೀತು? ಮೇಲಿನ ಸ್ವರಗಳು ಹಲಗೆಯುದ್ದಕ್ಕೂ ತೆವಳಿ ಹೋಗುತ್ತವೆ, ಆ ದಾರಿ ಪೂರ್ತಿ ಉಣ್ಣೆ. ಅದಕ್ಕೇ ಇಷ್ಟು ತೆಳು ಇದ್ದರೂ ಕೆಲಸ ಮಾಡುತ್ತದೆ. ಡಬಲ್ ಟೇಪನ್ನು ನಾಲ್ಕು ಕಡೆ ಚೂರು ಚೂರು ಹಾಕಿ, ಗಮ್ ಬೇಡ. ಇಷ್ಟವಾಗದಿದ್ದರೆ ತೆಗೆಯಬೇಕಲ್ವಾ.

ಈಗ ಕೇಳೋಣ. ಬಲಗಡೆ ಬಾಕ್ಸಿಗೆ ಫೆಲ್ಟ್ ಇದೆ, ಎಡಕ್ಕೆ ಇಲ್ಲ. ಸ್ಟೀರಿಯೊ ಅಲ್ಲ, ಮೊನೊ, ಅಂದರೆ ಎರಡಕ್ಕೂ ಒಂದೇ ಸದ್ದು. ಹಾಡೂ ಬೇಡ, ಅಮ್ಮ ಪೇಪರ್ ಓದಿದ್ದನ್ನು ರೆಕಾರ್ಡ್ ಮಾಡಿದ್ದೇನೆ. ಹುಟ್ಟಿದಾಗಿನಿಂದ ಕೇಳಿದ ದನಿ, ಅದರಲ್ಲಿ ನನಗೆ ಮೋಸವಾಗುವುದಿಲ್ಲ. ಎಡಗಡೆ ಬಾಕ್ಸಲ್ಲಿ ಅಮ್ಮ ಪೆಟ್ಟಿಗೆಯೊಳಗೆ ಕೂತು ಓದುತ್ತಿದ್ದಾರೆ. ಬಲಗಡೆ ಬಾಕ್ಸಲ್ಲಿ ಪೆಟ್ಟಿಗೆಯಿಂದ ಒಂದು ಅಡಿ ಮುಂದೆ ಬಂದಿದ್ದಾರೆ. ಆ್ಯಪಲ್ಲೂ ಗುಂಡಿ ಅರ್ಧ ತುಂಬಿದೆ. ದೊಡ್ಡ ಬದಲಾವಣೆ ಅಂತ ಬೆಳಿಗ್ಗೆ ಅನ್ನಿಸಿತ್ತು. ಅಷ್ಟೇನೂ ದೊಡ್ಡದಲ್ಲ. ಆದರೆ ಇದನ್ನು ಕೇಳಿದ ಮೇಲೆ ಎಡಗಡೆಯದನ್ನು ಹಾಗೇ ಬಿಡಲು ಮನಸ್ಸು ಬರುತ್ತಿಲ್ಲ.

ಕಂಬಳಿ ಇನ್ನೊಂದಕ್ಕೆ ಸಾಕಾಗುತ್ತದೆ, ಇಲಿ ಕಡಿದ ಜಾಗ ಟ್ವೀಟರಿನ ತೂತಿಗೇ ಬರುವ ಹಾಗೆ ಇಟ್ಟಿದ್ದೇನೆ. ಅಮ್ಮ ಚಾಕ್‌ಪೀಸ್ ಕೇಳುತ್ತಿದ್ದಾರೆ, ಬನ್ನಿ.