ಜಾವಾ ಸರ್ವರ್ ಸ್ಟಾಪ್ ಅಂದ್ರೂ ನಿಲ್ತಿಲ್ವಾ? ಕಿಲ್ -9 ಹೊಡೆಯೋ ಮುಂಚೆ ಇದನ್ನು ನೋಡಿ

[ಸ್ಕ್ರೀನ್: ಟರ್ಮಿನಲ್. ಸರ್ವರ್ ನಿಂತಿದೆ ಅಂತ ಲಾಗ್‌ನ ಕೊನೆಯ ಸಾಲು. ಪ್ರಾಂಪ್ಟ್ ವಾಪಸ್ ಬಂದಿಲ್ಲ.]

ನಮಸ್ಕಾರ. ಲಾಗ್ ನೋಡಿ, ಸರ್ವರ್ ನಿಂತಿದೆ ಅಂತ ಜೆಟ್ಟಿ, ಅಂದರೆ ನಾವು ಬಳಸುವ ಜಾವಾ ವೆಬ್ ಸರ್ವರ್, ಹೇಳುತ್ತಿದೆ. ಬ್ರೌಸರ್‌ನಲ್ಲಿ ಪೇಜ್ ತೆರೆದರೆ ಕನೆಕ್ಷನ್ ಸಿಗುವುದಿಲ್ಲ, ಅಂದರೆ ಪೋರ್ಟ್ ಕೂಡ ಮುಚ್ಚಿದೆ. ಆದರೆ ಜಾವಾ ಪ್ರೊಸೆಸ್ ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಹೋಗುವುದು ಪ್ರೊಸೆಸ್ ಅನ್ನು ತಕ್ಷಣ ಕೊಲ್ಲುವ ಕಿಲ್ -9 ಕಡೆಗೆ. ಇಲ್ಲಾಂದ್ರೆ ಕೋಡ್ ಕೊನೆಯಲ್ಲಿ ಒಂದು ಸಿಸ್ಟಮ್ ಎಕ್ಸಿಟ್ ತುರುಕಿ ಸುಮ್ಮನಾಗುತ್ತಾರೆ. ಸ್ವಲ್ಪ ತಡೆಯಿರಿ. ಪ್ರೊಸೆಸ್ ಎಲ್ಲಿ ಸಿಕ್ಕಿಕೊಂಡಿದೆ ಅನ್ನೋದು ಅದು ಬದುಕಿರುವವರೆಗೆ ಮಾತ್ರ ಗೊತ್ತಾಗುತ್ತದೆ, ಕೊಂದಮೇಲೆ ಯಾರನ್ನು ಕೇಳ್ತೀರಿ?

ಮೊದಲ ಪ್ರಶ್ನೆ: ನೀವು ಅದನ್ನು ನಿಲ್ಲಿಸಿದ್ದು ಹೇಗೆ? ಕೋಡ್ ಒಳಗಿಂದ ಸ್ಟಾಪ್ ಕರೆದಿರಾ, ಅಥವಾ ಹೊರಗಿಂದ ಸಿಗ್ನಲ್ (ಆಪರೇಟಿಂಗ್ ಸಿಸ್ಟಮ್ ಮೂಲಕ ಪ್ರೊಸೆಸ್‌ಗೆ ಹೋಗುವ ಸೂಚನೆ) ಕಳಿಸಿದಿರಾ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಎರಡೂ ಬೇರೆ ಬೇರೆ ಕಾಯಿಲೆ.

ಕೋಡ್ ಒಳಗಿಂದ ಅಂತಾದರೆ ನಿಯಮ ಸರಳ. ಥ್ರೆಡ್ ಅಂದರೆ ಪ್ರೊಸೆಸ್ ಒಳಗೆ ಓಡುವ ಒಂದೊಂದು ಕೆಲಸದ ಎಳೆ; ಡೀಮನ್ ಅಂದರೆ ಯಾರೂ ಕಾಯಬೇಕಿಲ್ಲದ ಹಿನ್ನೆಲೆಯ ಥ್ರೆಡ್. ಕೊನೆಯ ನಾನ್-ಡೀಮನ್ ಥ್ರೆಡ್ ಮುಗಿಯುವವರೆಗೂ, ಜಾವಾ ಕೋಡ್ ಓಡಿಸುವ ಜೆವಿಎಂ ತಾನಾಗಿ ಮುಗಿಯುವುದಿಲ್ಲ. ಮೇನ್ ಮೆಥಡ್ ಮುಗಿದರೆ ಸಾಲದು. ಹಾಗಾಗಿ ಥ್ರೆಡ್ ಡಂಪ್, ಅಂದರೆ ಪ್ರತಿ ಥ್ರೆಡ್ ಈಗ ಎಲ್ಲಿದೆ ಅನ್ನೋ ಪಟ್ಟಿ, ತೆಗೆಯೋಣ. ಜೆಪಿಎಸ್ ಓಡಿಸಿ ಪ್ರೊಸೆಸ್ ಐಡಿ ಹಿಡಿಯಿರಿ, ಅದನ್ನು ಜೆಸ್ಟ್ಯಾಕ್‌ಗೆ ಕೊಡಿ. ಈ ಟೂಲ್‌ಗಳು ಮಷೀನ್‌ನಲ್ಲಿ ಇಲ್ಲದಿದ್ದರೆ ಕಿಲ್ -3 ಇದೆ. ಹೆಸರು ಕಿಲ್ ಆದರೂ ಜಾವಾ ಪ್ರೊಸೆಸ್ ಸಾಯುವುದಿಲ್ಲ, ತನ್ನ ಔಟ್‌ಪುಟ್‌ಗೇ ಡಂಪ್ ಬರೆದು ಮುಂದುವರಿಯುತ್ತದೆ.

[ಸ್ಕ್ರೀನ್: ಡಂಪ್. ಒಂದೊಂದೇ ಸಾಲು ಹೈಲೈಟ್.]

ಡಂಪ್ ಉದ್ದ ನೋಡಿ ಗಾಬರಿ ಬೇಡ. ಹೆಡರ್ ಸಾಲಿನಲ್ಲಿ ಡೀಮನ್ ಅಂತ ಇರುವ ಥ್ರೆಡ್‌ಗಳನ್ನೆಲ್ಲ ಬಿಟ್ಟುಬಿಡಿ. ಜಿಸಿ, ವಿಎಂ ಅಂತ ಜೆವಿಎಂನ ಒಳಗಿನವೂ ಲೆಕ್ಕಕ್ಕಿಲ್ಲ. ಇಲ್ಲಿ ಡಿಸ್ಟ್ರಾಯ್‌ಜಾವಾವಿಎಂ ಅಂತ ಒಂದಿದೆ ಅಲ್ವಾ, ಅದರ ಅರ್ಥ ಮೇನ್ ಆಗಲೇ ಮುಗಿದು ಉಳಿದವರಿಗಾಗಿ ಕಾಯುತ್ತಿದೆ ಅಂತ. ಆ ಉಳಿದವರು ಯಾರು? ಇಗೋ, ಪೂಲ್-1-ಥ್ರೆಡ್-1. ಕೆಳಗಿನ ಸ್ಟ್ಯಾಕ್ (ಅದು ಈಗ ಓಡಿಸುತ್ತಿರುವ ಮೆಥಡ್‌ಗಳ ಪಟ್ಟಿ) ನೋಡಿ, ಬ್ಲಾಕಿಂಗ್ ಕ್ಯೂನ ಟೇಕ್‌ನಲ್ಲಿ ಕೂತಿದೆ, ಯಾರೋ ಕೆಲಸ ಕೊಡ್ತಾರೆ ಅಂತ.

ಇದು ಜೆಟ್ಟಿಯ ಥ್ರೆಡ್ ಅಲ್ಲವೇ ಅಲ್ಲ. ಜೆಟ್ಟಿಯದ್ದಾದರೆ ಹೆಸರು ಕ್ಯೂಟಿಪಿ ಅಂತ ಶುರುವಾಗುತ್ತಿತ್ತು. ಇದು ನೀವೇ, ಮೇಲ್ ಕಳಿಸೋಕೋ ಇನ್ನಾವುದಕ್ಕೋ, ಜಾವಾದ ಎಕ್ಸಿಕ್ಯೂಟರ್ಸ್‌ನಿಂದ ಮಾಡಿಕೊಂಡ ಥ್ರೆಡ್‌ಗಳ ಪೂಲ್. ಸರ್ವರ್ ನಿಲ್ಲಿಸಿದರೆ ಅದು ತಾನಾಗಿ ನಿಲ್ಲುವುದಿಲ್ಲ. ಶಟ್‌ಡೌನ್ ಕರೆಯಿರಿ, ಸ್ವಲ್ಪ ಹೊತ್ತು ಕಾಯಿರಿ, ಆಗಲೂ ಮುಗಿಯದಿದ್ದರೆ ಶಟ್‌ಡೌನ್‌ನೌ. ಮತ್ತೆ ದಯವಿಟ್ಟು ನಿಮ್ಮ ಥ್ರೆಡ್‌ಗಳಿಗೆ ಹೆಸರು ಇಡಿ. ಪೂಲ್-7-ಥ್ರೆಡ್-2 ಅಂದರೆ ಯಾವ ಲೈಬ್ರರಿಯದು ಅಂತ ಹುಡುಕೋದು?

ಶಟ್‌ಡೌನ್‌ನೌ ಕೂಡ ಬಲವಂತ ಮಾಡುವುದಿಲ್ಲ, ಇಂಟರಪ್ಟ್ ಕಳಿಸುತ್ತದೆ ಅಷ್ಟೇ. ನಿಮ್ಮ ವೈಲ್ ಟ್ರೂ ಲೂಪ್ ಒಳಗೆ ಇಂಟರಪ್ಟೆಡ್ ಎಕ್ಸೆಪ್ಶನ್ ಹಿಡಿದು, ಲಾಗ್ ಬರೆದು, ಮತ್ತೆ ಸುತ್ತೋಕೆ ಬಿಟ್ಟಿದ್ದರೆ ಆ ಥ್ರೆಡ್ ಯಾವತ್ತೂ ಮುಗಿಯುವುದಿಲ್ಲ. ಕ್ಯಾಚ್ ಒಳಗೆ ಲೂಪ್‌ನಿಂದ ಹೊರಬನ್ನಿ.

ಸರಿ, ಕ್ಯೂಟಿಪಿ ಥ್ರೆಡ್ಡೇ ಸಿಕ್ಕಿಕೊಂಡಿದ್ದರೆ? ಅದರ ಸ್ಟ್ಯಾಕ್‌ನಲ್ಲಿ ರಿಕ್ವೆಸ್ಟ್‌ಗೆ ಉತ್ತರ ಕೊಡುವ ನಿಮ್ಮ ಹ್ಯಾಂಡ್ಲರ್, ಅದರ ಮೇಲೆ ಸರ್ವರ್ ಸ್ಟಾಪ್ ಎರಡೂ ಇದ್ದರೆ ಕಥೆ ಗೊತ್ತಾಯಿತು. ಶಟ್‌ಡೌನ್ ಅಂತ ಒಂದು ಯುಆರ್‌ಎಲ್ ಇಟ್ಟು, ಆ ರಿಕ್ವೆಸ್ಟ್ ಒಳಗಿಂದಲೇ ಸ್ಟಾಪ್ ಕರೆದಿದ್ದೀರಿ. ರಿಕ್ವೆಸ್ಟ್ ಮುಗಿಯಲಿ ಅಂತ ಸರ್ವರ್, ಸರ್ವರ್ ನಿಲ್ಲಲಿ ಅಂತ ರಿಕ್ವೆಸ್ಟ್. ಬೇರೆ ಥ್ರೆಡ್ ಹುಟ್ಟಿಸಿ ಸ್ಟಾಪ್ ಕೆಲಸ ಅದಕ್ಕೆ ಕೊಡಿ, ಹ್ಯಾಂಡ್ಲರ್ ಉತ್ತರ ಕಳಿಸಿ ಹೊರಟುಬಿಡಲಿ. ಪೈಥಾನ್‌ನ ಎಚ್‌ಟಿಟಿಪಿ ಸರ್ವರ್‌ನಲ್ಲೂ ಇದೇ ಗೋಳು, ಸರ್ವ್ ಫಾರೆವರ್ ಓಡುವ ಥ್ರೆಡ್‌ನಿಂದಲೇ ಶಟ್‌ಡೌನ್ ಕರೆದರೆ ಡೆಡ್‌ಲಾಕ್.

ಈಗ ಹೊರಗಿನ ಸಿಗ್ನಲ್. ಕಂಟ್ರೋಲ್-ಸಿ ಅಥವಾ ಸಿಗ್‌ಟರ್ಮ್ (ಮುಗಿಸು ಅನ್ನೋ ಸಿಗ್ನಲ್) ಬಂದಾಗ ನಾನ್-ಡೀಮನ್ ಥ್ರೆಡ್‌ಗಳು ಅಡ್ಡಿಯೇ ಅಲ್ಲ. ಶಟ್‌ಡೌನ್ ಹುಕ್‌ಗಳು, ಅಂದರೆ ಹೊರಡುವ ಮುಂಚೆ ಓಡಿಸು ಅಂತ ಹೇಳಿಟ್ಟ ಕೋಡ್, ಓಡಿ ಮುಗಿದರೆ ಜೆವಿಎಂ ಉಳಿದವರನ್ನು ಕೇಳದೇ ಹೊರಡುತ್ತದೆ. ಆದ್ದರಿಂದ ಇಲ್ಲಿ ಸಿಕ್ಕಿಕೊಂಡರೆ ಯಾವುದೋ ಹುಕ್ ಮುಗಿಯುತ್ತಿಲ್ಲ. ಡಂಪ್‌ನಲ್ಲಿ ಸಿಗ್‌ಟರ್ಮ್ ಹ್ಯಾಂಡ್ಲರ್ (ಕಂಟ್ರೋಲ್-ಸಿ ಆದರೆ ಸಿಗ್‌ಇಂಟ್ ಹ್ಯಾಂಡ್ಲರ್) ಅಂತ ಥ್ರೆಡ್ ಇರುತ್ತದೆ, ಅದು ಹುಕ್ ಮುಗಿಯಲಿ ಅಂತ ಜಾಯಿನ್‌ನಲ್ಲಿ ಕಾಯುತ್ತಿರುತ್ತದೆ. ಹುಕ್ ಒಳಗೆ ಯಾರಾದರೂ ಸಿಸ್ಟಮ್ ಎಕ್ಸಿಟ್ ಕರೆದಿದ್ದಾರಾ ನೋಡಿ. ಕರೆದಿದ್ದರೆ ಅದು ಎಂದೆಂದಿಗೂ ಅಲ್ಲೇ.

ಡಾಕರ್ ಕಂಟೇನರ್ ಒಳಗೆ ಇನ್ನೊಂದು ಮಜಾ. ಡಾಕರ್ ಸ್ಟಾಪ್ ಸಾಮಾನ್ಯವಾಗಿ ಸಿಗ್‌ಟರ್ಮ್ ಕಳಿಸಿ 10 ಸೆಕೆಂಡ್ ಕಾದು ಸಿಗ್‌ಕಿಲ್ (ಅದೇ ಕಿಲ್ -9) ಕೊಡುತ್ತದೆ. ಎಕ್ಸಿಟ್ ಕೋಡ್ 137, ಅಂದರೆ ಸಿಗ್‌ಕಿಲ್‌ನಿಂದ ಸತ್ತಿದೆ ಅಂತ, ಬರುತ್ತಿದ್ದರೆ ನಿಮ್ಮ ಸ್ಟಾರ್ಟ್ ಸ್ಕ್ರಿಪ್ಟ್ ತೆರೆದು ನೋಡಿ. ಜಾವಾ ಸಾಲಿನ ಮುಂದೆ ಎಕ್ಸೆಕ್ (ಶೆಲ್‌ನ ಜಾಗದಲ್ಲೇ ಜಾವಾ ಓಡಿಸುವ ಕಮಾಂಡ್) ಇಲ್ಲದಿದ್ದರೆ ಸಿಗ್ನಲ್ ಶೆಲ್ ಹತ್ತಿರವೇ ನಿಂತುಬಿಡುತ್ತದೆ, ಜಾವಾಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಎಕ್ಸೆಕ್ ಇದ್ದೂ 137 ಬಂದರೆ ಟೈಮ್‌ಔಟ್ ಹೋಲಿಸಿ. ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್‌ನ ಗ್ರೇಸ್‌ಫುಲ್ ಶಟ್‌ಡೌನ್ (ನಡೆಯುತ್ತಿರುವ ರಿಕ್ವೆಸ್ಟ್ ಮುಗಿಸಿ ನಿಲ್ಲುವುದು) ಒಂದೊಂದು ಹಂತಕ್ಕೆ 30 ಸೆಕೆಂಡ್ ತನಕ ಕಾಯುತ್ತದೆ, ಡಾಕರ್ ಕೊಡುವುದು 10. ಡಾಕರ್ ಕಡೆಯದನ್ನು ಜಾಸ್ತಿ ಮಾಡಿ, ಅಥವಾ ಸ್ಪ್ರಿಂಗ್ ಕಡೆಯದನ್ನು ಕಡಿಮೆ ಮಾಡಿ.