‘ನನ್ನ ಯಾರ್ ಕೇಳ್ಯಾರವಾ?’: ಕೊಪ್ಪಳದ ಹಳ್ಳಿಗಳಲ್ಲಿ ನನ್ನ ಇಂಟರ್ನ್‌ಶಿಪ್

ಎಲ್ಲರಿಗೂ ನಮಸ್ಕಾರ. ಈ ವಿಡಿಯೋದಲ್ಲಿ ನಿಮಗೆ ದಾರಿ, ಹೊಲ, ಅಂಗನವಾಡಿ, ನನ್ನ ನೋಟ್‌ಬುಕ್ ಕಾಣುತ್ತವೆ. ಹೆಂಗಸರ ಮುಖ, ಊರಿನ ಹೆಸರು ಇರುವುದಿಲ್ಲ. ಗಂಡನ ಹತ್ತಿರವೂ ಆಡದ ಮಾತನ್ನು ಅವರು ನಮ್ಮ ಹತ್ತಿರ ಆಡಿದ್ದಾರೆ. ಅಲ್ಲಿ ಕ್ಯಾಮೆರಾ ತೆಗೆಯಬಾರದು ಅನ್ನುವುದು ತಂಡದ ಮೊದಲ ನಿಯಮ.

ನಾನು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುತ್ತಿರುವ ವಿದ್ಯಾರ್ಥಿನಿ. ಇಂಟರ್ನ್‌ಶಿಪ್‌ಗೆ ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಸಂಸ್ಥೆ ಸೇರಿದ್ದೆ. ಗರ್ಭನಿರೋಧಕಗಳ ಬಗ್ಗೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು, ಆಮೇಲೆ ಅದನ್ನು ಆರೋಗ್ಯ ಇಲಾಖೆಯವರ ಮುಂದಿಟ್ಟು ಬದಲಾವಣೆ ಕೇಳಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಓದಿಕೊಂಡೇ ಹೋಗಿದ್ದೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಮಂದಿಗೆ ಮಕ್ಕಳಾಗದ ಆಪರೇಶನ್ ಆಗಿದೆ. ಗಂಡಸರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಗಂಡಸರ ಆಪರೇಶನ್‌ಗೆ ಹೊಟ್ಟೆ ಕೊಯ್ಯಬೇಕಿಲ್ಲ, ಹೊಲಿಗೆಯೂ ಬೇಡ, ಅದೇ ದಿನ ಮನೆಗೆ ಬರಬಹುದು. ಆದರೂ ಸೊನ್ನೆ.

ಒಂದು ಮನೆಯ ಜಗಲಿ ಮೇಲೆ ಅಕ್ಕ ಒಬ್ಬರು ಶೇಂಗಾ ಸುಲಿಯುತ್ತಾ ಕೂತಿದ್ದರು. ನಾನೂ ಸುಲಿಯಲು ಕೂತೆ. ‘ಆಪರೇಶನ್‌ಗೆ ಮುಂಚೆ ಬೇರೆ ದಾರಿ ಏನೇನಿದೆ ಅಂತ ಯಾರಾದರೂ ಹೇಳಿದ್ದರಾ ಅಕ್ಕಾ?’ ಅಂತ ಕೇಳಿದೆ. ಕೈ ನಿಂತಿತು. ‘ನನ್ನ ಯಾರ್ ಕೇಳ್ಯಾರವಾ? ಎರಡನೇ ಹೆರಿಗಿ ಆತು, ಅತ್ತಿ ಹೂಂ ಅಂದ್ಲು, ಮರುದಿನ ಆಪರೇಶನ್ ಮಾಡಿದ್ರು.’ ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಅಕ್ಕ ತಕ್ಷಣ ಮಳೆಯ ಮಾತು ತೆಗೆದರು.

ಆಪರೇಶನ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೇಕು ಅಂತಲೇ ಮಾಡಿಸಿಕೊಂಡು ನೆಮ್ಮದಿಯಾಗಿರುವವರೂ ಸಿಕ್ಕರು. ಆದರೆ ಸರ್ಕಾರಿ ವ್ಯವಸ್ಥೆಯಲ್ಲೇ ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಉಚಿತ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಇದೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ ನುಂಗುವ ಛಾಯಾ ಮಾತ್ರೆ ಇದೆ. ಇವನ್ನು ಹೇಳದೆ ಸಹಿ ಹಾಕಿಸಿಕೊಂಡರೆ ಅದನ್ನು ಒಪ್ಪಿಗೆ ಅನ್ನೋಕಾಗುತ್ತಾ?

ಇನ್ನು ಹೇಳುವುದು ಅಂದರೆ ಪೂರ್ತಿ ಹೇಳಬೇಕು. ಅಂತರಾ ಹಾಕಿಸಿಕೊಂಡ ಮೇಲೆ ಮುಟ್ಟು ಏರುಪೇರಾಗಬಹುದು, ಕೆಲವರಿಗೆ ನಿಂತೇ ಹೋಗುತ್ತದೆ. ಮೊದಲೇ ಗೊತ್ತಿಲ್ಲದವರು ‘ಕೆಟ್ಟ ರಕ್ತ ಒಳಗೇ ಉಳೀತು’ ಅಂತ ಹೆದರಿ ಎರಡನೇ ಡೋಸ್‌ಗೆ ಬರುವುದೇ ಇಲ್ಲ. ನಮ್ಮ ಜೊತೆಗಿದ್ದ ಆಶಾ ಕಾರ್ಯಕರ್ತೆ ಅಕ್ಕ ಇದನ್ನು ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದರು ಗೊತ್ತಾ! ಆದರೆ ಅವರ ತಲೆ ಮೇಲೆ ಕೆಲಸದ ಹೊರೆ ಜಾಸ್ತಿ.

ತಾಲ್ಲೂಕು ಮಟ್ಟದ ಸಭೆಗೆ ನಾವು 2016ರ ಸುಪ್ರೀಂ ಕೋರ್ಟ್ ತೀರ್ಪು ತೆಗೆದುಕೊಂಡು ಹೋದೆವು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಆಪರೇಶನ್ ಮಾಡಿಸಿಕೊಂಡ ಹೆಂಗಸರು ಸತ್ತಿದ್ದು ನೆನಪಿದೆ ಅಲ್ವಾ? ಅಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಕೋರ್ಟ್ ಹೇಳಿತು. ಆಪರೇಶನ್‌ಗೆ ಬರುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ, ಯೋಚಿಸೋಕೆ ಸಮಯ ಕೊಡಿ ಅಂತಲೂ ಹೇಳಿತು. ನಾವು ಕೇಳಿದ್ದೂ ಅಷ್ಟೇ. ಹೆರಿಗೆ ನೋವಿನಲ್ಲಿರುವಾಗ ಬೇಡ, ಬಸುರಿ ಚೆಕಪ್‌ಗೆ ಬಂದಾಗಲೇ ಮಾತಾಡಿ. ಅವಳೊಬ್ಬಳ ಜೊತೆ ಸ್ವಲ್ಪ ಹೊತ್ತು ಮಾತಾಡಿ. ಗಂಡನನ್ನು ಬೇರೆ ಕೂರಿಸಿ ಗಂಡಸರ ಆಪರೇಶನ್ ಬಗ್ಗೆಯೂ ಹೇಳಿ.

ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಮುಂದಿನ ಚೆಕಪ್‌ನಲ್ಲಿ ‘ಹೆರಿಗೆ ಆದಮೇಲೆ ಏನೇನು ದಾರಿ ಇದೆ, ಎಲ್ಲಾ ಹೇಳಿ’ ಅಂತ ಕೇಳಿ. ಗಂಡನೂ ಜೊತೆಗೆ ಹೋಗಲಿ.